‘ಒಂದು ರಾತ್ರಿ ಅಡ್ಜಸ್ಟ್ ಮಾಡಿಕೊಳ್ಳಿ’ ಎಂದಾಗ

ದಸರಾ ರಜೆ ಮುಗಿದ ಮರುವಾರದಿಂದ ನನ್ನ ಕಚೇರಿಗೆ ಒಂದೇ ಬಗೆಯ ಫೋಟೊಗಳು ಬರತೊಡಗುತ್ತವೆ. ಬೂಷ್ಟು ಹಿಡಿದ ಗೋಡೆ, ಕಂದುಗಟ್ಟಿದ ಕಮೋಡ್, ಕೂದಲು ಅಂಟಿದ ದಿಂಬು. ಗ್ರಾಹಕರ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ವಕೀಲ ನಾನು. ದಾವಣಗೆರೆಯಲ್ಲಿ ಕುಳಿತೇ ಮಡಿಕೇರಿ, ಚಿಕ್ಕಮಗಳೂರು, ಊಟಿ, ಗೋವಾದ ಎಷ್ಟೋ ಹೋಂಸ್ಟೇ, ಲಾಡ್ಜ್ ಕೋಣೆಗಳನ್ನು ಹೀಗೆ ನೋಡಿದ್ದೇನೆ. ಫೋಟೊ ತೋರಿಸುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ‘ಇದನ್ನು ಆ ಕೋಣೆಯ ಮಾಲೀಕರಿಗೆ ಯಾವಾಗ, ಹೇಗೆ ತಿಳಿಸಿದಿರಿ?’

ಹತ್ತರಲ್ಲಿ ಎಂಟು ಮಂದಿಯ ಉತ್ತರ, ‘ಬಾಯಲ್ಲಿ ಹೇಳಿದೆವು ಸರ್, ಒಂದು ರಾತ್ರಿ ಅಡ್ಜಸ್ಟ್ ಮಾಡಿಕೊಳ್ಳಿ ಎಂದರು’ ಎಂಬುದು. ಆ ಒಂದು ರಾತ್ರಿ ಮೂರಾಗಿರುತ್ತದೆ. ಮೂರನೆಯ ದಿನ ಬಾಕಿ ಹಣ ಪೂರ್ತಿ ಕೊಟ್ಟು, ಸುಮ್ಮನೆ ಊರಿಗೆ ಮರಳಿರುತ್ತಾರೆ.

ಒಂದು ಕುಟುಂಬದ ಕಥೆಯನ್ನು ಗುರುತು ಸಿಗದಂತೆ ಹೇಳುತ್ತೇನೆ. ಶಾಲಾ ಶಿಕ್ಷಕಿ, ಅವರ ಗಂಡ, ಇಬ್ಬರು ಮಕ್ಕಳು, ಮಂಡಿನೋವಿನ ಅತ್ತೆ. ಕೊಡಗಿನ ಒಂದು ಹೋಂಸ್ಟೇಯಲ್ಲಿ ಮೂರು ರಾತ್ರಿಗೆ ಎರಡು ಕೋಣೆ ಕಾಯ್ದಿರಿಸಿದ್ದರು. ಅತ್ತೆಗೆ ನೆಲಮಹಡಿಯ ಕೋಣೆ ಬೇಕೆಂದು ಆ್ಯಪ್‌ನಲ್ಲೇ ಬರೆದಿದ್ದರು. ‘ಸರಿ’ ಎಂಬ ಉತ್ತರವೂ ಬಂದಿತ್ತು. ಸಂಜೆ ತಲುಪಿದಾಗ ಫೋಟೊದಲ್ಲಿದ್ದ ಹೆಂಚಿನ ಮನೆ ಬೇರೆ ಅತಿಥಿಗಳಿಗೆ ಹೋಗಿತ್ತು. ಇವರಿಗೆ ಸಿಕ್ಕಿದ್ದು ಹಿಂಬದಿಯ ಕಟ್ಟಡದ ಮೇಲಂತಸ್ತು, ಹತ್ತುವುದು ಹೊರಗಿನ ಕಬ್ಬಿಣದ ಮೆಟ್ಟಿಲಿನಿಂದ. ಗೀಸರ್ ಕೆಟ್ಟಿತ್ತು, ಹೊದಿಕೆಗಳು ತೇವ ಹಿಡಿದು ನಾರುತ್ತಿದ್ದವು. ಆ ಹಿರಿಯರು ಮೂರು ದಿನವೂ ಕೆಳಗಿಳಿಯಲಿಲ್ಲ. ಮಗ, ಸೊಸೆ ಸರದಿಯ ಮೇಲೆ ಅವರ ಜೊತೆ ಉಳಿದರು. ಮೂರು ವರ್ಷದಿಂದ ಹೋಗೋಣ, ಹೋಗೋಣ ಎಂದುಕೊಂಡಿದ್ದ ಪ್ರವಾಸವದು.

ಇಲ್ಲಿ ನಷ್ಟವಾದದ್ದು ಕೋಣೆಯ ಬಾಡಿಗೆಯಷ್ಟೇ ಅಲ್ಲ. ನ್ಯಾಯಾಲಯಗಳು ಈ ಮಾತನ್ನು ಒಪ್ಪಿ ಅರ್ಧ ಶತಮಾನ ಕಳೆದಿದೆ. 1972ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಜಾರ್ವಿಸ್ ಎಂಬ ವಕೀಲರ ಪ್ರಕರಣ ಬಂತು. ವರ್ಷಕ್ಕೊಮ್ಮೆ ಸಿಗುವ ಎರಡು ವಾರಗಳ ರಜೆಗೆ 63 ಪೌಂಡ್ ಚಿಲ್ಲರೆ ಕೊಟ್ಟು ಸ್ವಿಟ್ಜರ್‌ಲೆಂಡಿಗೆ ಹೋಗಿದ್ದರು. ಪ್ರವಾಸ ಸಂಸ್ಥೆಯ ಕೈಪಿಡಿಯಲ್ಲಿ ಅತಿಥಿಗಳ ಸಂತೋಷಕೂಟದ ವರ್ಣನೆಯಿತ್ತು. ಎರಡನೆಯ ವಾರ ಇಡೀ ತಂಗುದಾಣದಲ್ಲಿ ಅತಿಥಿಯೆಂದು ಉಳಿದವರು ಅವರೊಬ್ಬರೇ, ಇಂಗ್ಲಿಷ್ ಬಲ್ಲವರೂ ಯಾರಿರಲಿಲ್ಲ. ಕೆಳಗಿನ ನ್ಯಾಯಾಲಯ ಅರ್ಧ ಹಣ ಕೊಡಿಸಿತ್ತು. ಮೇಲ್ಮನವಿ ನ್ಯಾಯಾಲಯ 125 ಪೌಂಡ್ ಕೊಡಿಸಿತು, ಅಂದರೆ ಕೊಟ್ಟ ಹಣಕ್ಕಿಂತ ಹೆಚ್ಚು. ಕಳೆದುಹೋದ ರಜೆಗೂ ಬೆಲೆಯಿದೆ ಎಂಬುದು ಅಲ್ಲಿನ ತರ್ಕ. ಅದೇ ದಶಕದ ಜ್ಯಾಕ್ಸನ್ ಪ್ರಕರಣ ನಮ್ಮ ಶಿಕ್ಷಕಿಯ ಕಥೆಗೆ ಇನ್ನೂ ಹತ್ತಿರ. ಆಗಿನ ಸಿಲೋನಿಗೆ ಹೆಂಡತಿ, ಅವಳಿ ಗಂಡುಮಕ್ಕಳೊಂದಿಗೆ ಹೋದವರಿಗೆ ಸಿಕ್ಕ ಮಕ್ಕಳ ಕೋಣೆಯ ಗೋಡೆಯಲ್ಲಿ ಕಪ್ಪು ಬೂಷ್ಟು ಬೆಳೆದಿತ್ತು. ಕೊಟ್ಟದ್ದು 1,200 ಪೌಂಡ್, ಪರಿಹಾರ ಸಿಕ್ಕಿದ್ದು 1,100 ಪೌಂಡ್.

ನಮ್ಮಲ್ಲಿ 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗ್ರಾಹಕ ಕಾಯ್ದೆಯ ಪರಿಹಾರದೊಳಗೆ ಮಾನಸಿಕ ವೇದನೆಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಆ ದಾರಿ ತೆರೆದೇ ಇದೆ. ಆದರೆ ವೇದನೆಯಾಯಿತು ಎಂದು ಹೇಳಿದ ಮಾತ್ರಕ್ಕೆ ಗ್ರಾಹಕ ಆಯೋಗ ನಂಬಬೇಕಾಗಿಲ್ಲ. ಈ ಪ್ರಕರಣಗಳು ಬಹುಪಾಲು ಪ್ರಮಾಣ ಮಾಡಿ ಸಲ್ಲಿಸುವ ಹೇಳಿಕೆ (ಅಫಿಡವಿಟ್) ಮತ್ತು ದಾಖಲೆಗಳ ಮೇಲೆಯೇ ತೀರ್ಮಾನವಾಗುತ್ತವೆ. ಆ ದಾಖಲೆ ಹುಟ್ಟಬೇಕಾದದ್ದು ಕೋಣೆಯ ಬಾಗಿಲು ತೆರೆದ ಮೊದಲ ಗಂಟೆಯಲ್ಲಿ.

ಆದ್ದರಿಂದ ಚೀಲ ಬಿಚ್ಚುವ ಮುನ್ನ, ಹಾಸಿಗೆಯ ಮೇಲೆ ಕೂರುವ ಮುನ್ನ, ಬಾಗಿಲಿನಿಂದ ಬಚ್ಚಲಿನವರೆಗೆ ಒಂದೇ ಓಟದ ವಿಡಿಯೊ ಮಾಡಿಕೊಳ್ಳಿ. ನಲ್ಲಿ ತಿರುಗಿಸಿ, ಗೀಸರ್ ಹಾಕಿ, ಹೊದಿಕೆ ಎತ್ತಿ ತೋರಿಸಿ. ಆಮೇಲೆ ಮಾಲೀಕರಿಗೂ ಬುಕಿಂಗ್ ಸಂಸ್ಥೆಗೂ ಬರಹದಲ್ಲಿ ತಿಳಿಸಿ. ಬೈಗುಳ ಬೇಡ, ಉದ್ದ ಪತ್ರವೂ ಬೇಡ. ‘ನೆಲಮಹಡಿಯ ಕೋಣೆ ಒಪ್ಪಿದ್ದಿರಿ, ಮೇಲಿನದು ಕೊಟ್ಟಿದ್ದೀರಿ. ಗೀಸರ್ ಕೆಲಸ ಮಾಡುತ್ತಿಲ್ಲ. ಬೇರೆ ಕೋಣೆ ಕೊಡಿ, ಇಲ್ಲವೇ ಹಣ ಹಿಂತಿರುಗಿಸಿ.’ ಇಷ್ಟು ಸಾಕು. ಸರಿಪಡಿಸಲು ಅವರಿಗೊಂದು ಅವಕಾಶ ಕೊಟ್ಟಿದ್ದಿರಿ ಎಂಬುದು ಮುಂದೆ ನಿಮ್ಮ ಪರ ನಿಲ್ಲುತ್ತದೆ. ಅವರು ಒಪ್ಪದೆ ನೀವು ಬೇರೆ ಲಾಡ್ಜಿಗೆ ಹೋದರೆ ಅದರ ಬಿಲ್ಲನ್ನು ಜೋಪಾನವಾಗಿಡಿ. ನಷ್ಟ ತಗ್ಗಿಸಿಕೊಳ್ಳಲು ಕೈಯಲ್ಲಿದ್ದ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು 1872ರ ಕರಾರು ಕಾಯ್ದೆಯ 73ನೇ ಕಲಮು ಹೇಳುತ್ತದೆ. ಹತ್ತಿರದಲ್ಲೇ ಒಳ್ಳೆಯ ಕೋಣೆ ಸಿಗುವಂತಿದ್ದೂ ಮೂರು ರಾತ್ರಿ ಅಲ್ಲೇ ಏಕೆ ಉಳಿದಿರಿ ಎಂದು ಎದುರುದಾರರ ವಕೀಲರು ಕೇಳಿಯೇ ಕೇಳುತ್ತಾರೆ. ಮಳೆ, ರಾತ್ರಿ, ಮಲಗಿದ ಮಗು, ನಡೆಯಲಾಗದ ಹಿರಿಯರು ಇವೆಲ್ಲ ಒಪ್ಪುವ ಕಾರಣಗಳೇ. ಆದರೆ ಅವುಗಳನ್ನೂ ಆಗಲೇ ಬರೆದಿರಬೇಕು.

ಇಂಥ ಪ್ರಕರಣಗಳಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿರುವುದು ಸಂದರ್ಶಕರ ಪುಸ್ತಕ. ಹೊರಡುವಾಗ ಮಾಲೀಕರು ಕಾಫಿ ಕೊಟ್ಟು, ನಗುತ್ತಾ ಪುಸ್ತಕ ಮುಂದಿಡುತ್ತಾರೆ. ನಮ್ಮ ಜನರ ದಾಕ್ಷಿಣ್ಯಕ್ಕೆ ಮಿತಿಯಿಲ್ಲ. ಕಾಫಿ ಕುಡಿದ ಋಣಕ್ಕೋ ಎಂಬಂತೆ ‘ತುಂಬಾ ಚೆನ್ನಾಗಿತ್ತು, ಮತ್ತೆ ಬರುತ್ತೇವೆ’ ಎಂದು ಬರೆದು ಸಹಿ ಹಾಕುತ್ತಾರೆ. ಆರು ತಿಂಗಳ ಮೇಲೆ ಆ ಪುಟದ ನಕಲು ಎದುರುದಾರರ ದಾಖಲೆಯಾಗಿ ಬಂದಾಗ ನನಗೆ ಉತ್ತರವೇ ಇರುವುದಿಲ್ಲ. ಬರೆಯಲು ಇಷ್ಟವಿಲ್ಲದಿದ್ದರೆ ಪುಟ ಖಾಲಿ ಬಿಡಿ, ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಎಲ್ಲ ಅಸಮಾಧಾನವೂ ಸೇವಾ ನ್ಯೂನತೆಯಲ್ಲ ಎಂಬುದನ್ನೂ ಹೇಳಲೇಬೇಕು. ಜುಲೈನಲ್ಲಿ ಕೊಡಗಿಗೆ ಹೋಗಿ ಜಿಗಣೆ ಕಚ್ಚಿತು, ಬಟ್ಟೆ ಒಣಗಲಿಲ್ಲ, ಮಂಜಿನಿಂದ ಬೆಟ್ಟ ಕಾಣಲಿಲ್ಲ ಎಂದು ಬರುವವರನ್ನು ನಾನು ವಾಪಸು ಕಳಿಸುತ್ತೇನೆ. ಕೊಟ್ಟ ಮಾತಿಗೂ ಕೊಟ್ಟ ಕೋಣೆಗೂ ನಡುವಿನ ಅಂತರವೇ ಇಲ್ಲಿ ಮುಖ್ಯ. ಹಾಗಾಗಿ ಕಾಯ್ದಿರಿಸಿದ ದಿನ ಕಂಡ ಫೋಟೊ, ಸೌಲಭ್ಯಗಳ ಪಟ್ಟಿ ಇವುಗಳ ಸ್ಕ್ರೀನ್‌ಶಾಟ್ ಉಳಿಸಿಕೊಳ್ಳಿ. ದೂರು ಹೋದ ಮೇಲೆ ಆ ಪುಟ ಬದಲಾಗಿರುವುದನ್ನು ಕಂಡಿದ್ದೇನೆ. ‘ಇನ್ನೊಂದೇ ಕೋಣೆ ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೊನೆಯ ಹಂತದಲ್ಲಿ ಹೊಸ ಶುಲ್ಕ ಸೇರಿಸುವುದು ಇವೂ 2023ರ ನವೆಂಬರ್‌ನಲ್ಲಿ ಹೊರಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ನಿಷಿದ್ಧವಾದ 13 ತಂತ್ರಗಳಲ್ಲಿ ಸೇರಿವೆ.

ಊರಿಗೆ ಮರಳಿದ ಮೇಲೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಬುಕಿಂಗ್ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಬಹಳಷ್ಟು ಹಣ ಇಲ್ಲಿಯೇ ವಾಪಸು ಬರುವುದನ್ನು ಕಂಡಿದ್ದೇನೆ. ಬಾರದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೋಣೆ ಮಡಿಕೇರಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ತಂದ ಬದಲಾವಣೆಗಳಲ್ಲಿ ಮಧ್ಯಮ ವರ್ಗದ ಕುಟುಂಬಕ್ಕೆ ಇದರಷ್ಟು ಉಪಕಾರವಾದದ್ದು ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ. ನೀವು ಕೊಟ್ಟ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ದೂರು ಕೊಡಲು ಇರುವ ಅವಧಿ ಎರಡು ವರ್ಷ. ‘ನಾವು ಮಧ್ಯವರ್ತಿಗಳಷ್ಟೇ’ ಎಂದು ಬುಕಿಂಗ್ ಸಂಸ್ಥೆ ಹೇಳಬಹುದು, ‘ಫೋಟೊ ಹಾಕಿದ್ದು ಅವರು’ ಎಂದು ಮಾಲೀಕರು ಹೇಳಬಹುದು. ಅದಕ್ಕೇ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಕೇಳುವ ಪರಿಹಾರ ಮಾತ್ರ ಹದದಲ್ಲಿರಲಿ. ಇಪ್ಪತ್ತೇಳು ಸಾವಿರದ ಕೋಣೆಗೆ ಹತ್ತು ಲಕ್ಷ ಕೇಳಿದರೆ ನಿಜವಾದ ನೋವೂ ಹಗುರವಾಗಿ ಕಾಣುತ್ತದೆ.

ಶಿಕ್ಷಕಿಯ ಬಳಿ ಎರಡು ದಾಖಲೆಗಳಿದ್ದವು. ಮೊದಲ ರಾತ್ರಿಯೇ ಮಾಲೀಕರಿಗೆ ಕಳಿಸಿದ ನಾಲ್ಕು ಸಾಲಿನ ವಾಟ್ಸ್‌ಆ್ಯಪ್ ಸಂದೇಶ ಒಂದು. ಇನ್ನೊಂದು, ಅಜ್ಜಿ ಒಂದೊಂದೇ ಮೆಟ್ಟಿಲು ಹಿಡಿದು ಏರುತ್ತಿದ್ದಾಗ ಮಗಳು ತೆಗೆದ ವಿಡಿಯೊ. ಆ ಹುಡುಗಿ ಅದನ್ನು ತೆಗೆದದ್ದು ಊರಿನಲ್ಲಿದ್ದ ತನ್ನ ಸೋದರತ್ತೆಗೆ ತೋರಿಸಲು. ಅದೃಷ್ಟವಶಾತ್ ಮೂಲ ಫೈಲು ಅವಳ ಮೊಬೈಲಿನಲ್ಲೇ ಉಳಿದಿತ್ತು. ಡಿಜಿಟಲ್ ದಾಖಲೆಗೆ ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅದನ್ನು ಸಲ್ಲಿಸಿದೆವು. ಮೂರು ರಾತ್ರಿಯ ಬಾಡಿಗೆಯಲ್ಲಿ ಎರಡರಷ್ಟು, ಅದರ ಮೇಲೆ ಮಾನಸಿಕ ವೇದನೆಗೂ ಪ್ರಕರಣದ ಖರ್ಚಿಗೂ ಒಂದಿಷ್ಟು ಹಣ ಕೊಡುವಂತೆ ಆದೇಶವಾಯಿತು. ನಾವು ಕೇಳಿದ್ದಕ್ಕಿಂತ ಕಡಿಮೆಯೇ. ಆದೇಶದಲ್ಲಿ ಆ ಮೆಟ್ಟಿಲುಗಳ ಬಗ್ಗೆ ಒಂದು ಇಡೀ ಪ್ಯಾರಾ ಇತ್ತು. ಶಿಕ್ಷಕಿ ಅದನ್ನು ನನ್ನ ಕಚೇರಿಯ ಬೆಂಚಿನ ಮೇಲೆ ಕುಳಿತು ಎರಡು ಸಲ ಓದಿದರು. ಅತ್ತೆಗೆ ಓದಿ ಹೇಳಬೇಕು, ಆ ಪುಟದ ನಕಲು ಕೊಡಿ ಎಂದು ಕೇಳಿದರು.