ಜಪಾನಿನ ಸಾಂಪ್ರದಾಯಿಕ ವಾದ್ಯಗಳು: ಸ್ವರಕ್ಕಿಂತ ಮೊದಲು ನಾದ

ಕೊತೊ ವಾದ್ಯದ ಹದಿಮೂರು ತಂತಿಗಳನ್ನು ‘ಹಿರಾಜೋಶಿ’ ಎಂಬ ಕ್ರಮದಲ್ಲಿ ಶ್ರುತಿ ಮಾಡಿ, ಐದನೆಯ ತಂತಿಯನ್ನು ಷಡ್ಜವೆಂದು ಹಿಡಿದು ಒಂದೊಂದಾಗಿ ಮೀಟುತ್ತ ಹೋದರೆ ಷಡ್ಜ, ಶುದ್ಧ ರಿಷಭ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತಗಳು (ಕರ್ನಾಟಕ ಪದ್ಧತಿಯ ಹೆಸರುಗಳಲ್ಲಿ) ಕೇಳಿಬರುತ್ತವೆ. ಹಿಂದೂಸ್ತಾನಿ ಕಲಿತವರಿಗೆ ಇದು ಗುಣಕ್ರಿ, ಕರ್ನಾಟಕ ಸಂಗೀತದವರಿಗೆ ಕರ್ನಾಟಕ ಶುದ್ಧಸಾವೇರಿ. ಶಾಕುಹಾಚಿ ಎಂಬ ಬಿದಿರಿನ ಕೊಳಲಿನ ಐದು ರಂಧ್ರಗಳು ಸಹಜವಾಗಿ ಕೊಡುವ ಸ್ವರಗಳು ಶುದ್ಧಧನ್ಯಾಸಿಯವು. ದಕ್ಷಿಣದ ಒಕಿನಾವಾ ದ್ವೀಪಗಳ ಹಾಡುಗಳಲ್ಲಿ ಕೇಳುವ ಸ್ವರಶ್ರೇಣಿ ನಮ್ಮ ಗಂಭೀರನಾಟದ್ದು. ನಮ್ಮ ಕಿವಿಗೆ ಈ ಸಂಗೀತದೊಳಕ್ಕೆ ಹೋಗಲು ಇದು ಒಳ್ಳೆಯ ಬಾಗಿಲು. ಆದರೆ ಬಾಗಿಲಲ್ಲೇ ನಿಂತು, ಮುಂದಿನ ಆಲಾಪನೆಗಾಗಿ ಕಾಯುವವರಿಗೆ ಈ ಸಂಗೀತ ಬಡವಾಗಿ ತೋರುತ್ತದೆ. ಸ್ವರವನ್ನು ಬೆಳೆಸುವುದಕ್ಕಿಂತಲೂ, ಒಂದು ಸ್ವರ ಯಾವ ಬಣ್ಣದ ನಾದದಲ್ಲಿ ಹುಟ್ಟಿ ಹೇಗೆ ಕರಗುತ್ತದೆ ಎಂಬುದರ ಮೇಲೆ ಅಲ್ಲಿನ ಕಲಾವಿದರ ಗಮನ ನೆಟ್ಟಿರುತ್ತದೆ. ಕಲಿಯುವವರು ಮೊದಲು ಮನಗಾಣಬೇಕಾದ ಮಾತು ಇದೇ ಎಂಬುದು ನನ್ನ ನಂಬಿಕೆ.

ಇದನ್ನು ಅರಿಯಲು ಮೂರು ತಂತಿಯ ವಾದ್ಯವಾದ ಶಮಿಸೆನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಚೀನಾದ ಮೂರು ತಂತಿಯ ವಾದ್ಯವೊಂದು ಒಕಿನಾವಾಕ್ಕೆ ಬಂದು ಸನ್ಶಿನ್ ಆಯಿತು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಒಸಾಕಾ ಸಮೀಪದ ಸಕಾಯ್ ಬಂದರನ್ನು ತಲುಪಿತು. ಒಕಿನಾವಾದಲ್ಲಿ ಅದಕ್ಕೆ ಹಾವಿನ ಚರ್ಮ ಹೊದಿಸುತ್ತಿದ್ದರು; ಜಪಾನಿನ ಮುಖ್ಯಭೂಮಿಯಲ್ಲಿ ಬೆಕ್ಕಿನ ಅಥವಾ ನಾಯಿಯ ಚರ್ಮ ಬಳಕೆಗೆ ಬಂತು. ಅದನ್ನು ನುಡಿಸಲು, ಬಿವಾ ಎಂಬ ಹಳೆಯ ತಂತಿವಾದ್ಯದ ವಾದಕರ ಕೈಯಲ್ಲಿದ್ದ ‘ಬಾಚಿ’ ಎಂಬ ಅಗಲವಾದ ಮೀಟುಗೋಲನ್ನು ತೆಗೆದುಕೊಂಡರು. ಬಾಚಿ ತಂತಿಯನ್ನು ಮೀಟಿದೊಡನೆ ಚರ್ಮಕ್ಕೂ ಬಡಿಯುವುದರಿಂದ ಪ್ರತಿ ಸ್ವರದ ಜೊತೆಗೆ ಒಂದು ಪೆಟ್ಟಿನ ಸದ್ದು ಹುಟ್ಟುತ್ತದೆ. ಅದಕ್ಕಿಂತ ಸೂಕ್ಷ್ಮವಾದದ್ದು ‘ಸವಾರಿ’. ಈ ಜಪಾನಿ ಪದದ ಅರ್ಥ ‘ಸ್ಪರ್ಶ’. ಮೂರು ತಂತಿಗಳಲ್ಲಿ ಅತ್ಯಂತ ಕೆಳಗಿನ ಶ್ರುತಿಯದನ್ನು ಮಾತ್ರ ಮೇಲ್ತುದಿಯ ಆಧಾರದ ಮೇಲೆ ಹಾಯಿಸದೆ, ಅದು ಕಂಪಿಸುವಾಗ ಹಿಡಿಯ ಮರವನ್ನು ಸವರುವಂತೆ ಬಿಟ್ಟಿರುತ್ತಾರೆ. ಆಗ ಏಳುವ ಗುಂಯ್‌ಗುಡುವಿಕೆ, ಬೇರೆ ತಂತಿಗಳಲ್ಲಿ ಹೊಂದುವ ಸ್ವರ ನುಡಿದಾಗಲೂ ಅನುರಣಿಸುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ದಾರವಿಟ್ಟು ನಾವು ಹುಡುಕುವುದು, ಹಿಂದೂಸ್ತಾನಿಯವರು ಜವಾರಿ ಎಂದು ಕರೆಯುವುದು ಇದೇ ಬಗೆಯ ನಾದವನ್ನು. ವ್ಯತ್ಯಾಸವೆಂದರೆ, ನಮ್ಮಲ್ಲಿ ಅದು ಹಾಡಿನ ಹಿನ್ನೆಲೆಗೆ ನಿಲ್ಲುತ್ತದೆ. ಅಲ್ಲಿ ಹಾಡಿನ ನಡುವೆಯೇ ಮೇಲೇಳುತ್ತದೆ. ಬುನ್ರಾಕು ಗೊಂಬೆಯಾಟದಲ್ಲಿ ಕಥೆ ಹೇಳುವ ಗಾಯಕನ ಪಕ್ಕದಲ್ಲಿ ನುಡಿಯುವ ದಪ್ಪ ಹಿಡಿಯ ಶಮಿಸೆನ್ ಒಂದೇ ಪೆಟ್ಟಿನಲ್ಲಿ ದುಃಖವನ್ನೋ ಹಿಮದ ಮೌನವನ್ನೋ ಸೂಚಿಸಬಲ್ಲದು; ಕಥಾಗಾಯಕ ತಾಕೆಮೊತೊ ಗಿದಾಯೂ 1684ರಲ್ಲಿ ಒಸಾಕಾದಲ್ಲಿ ತನ್ನ ರಂಗಶಾಲೆಯನ್ನು ತೆರೆದಂದಿನಿಂದ ಬೆಳೆದುಬಂದ ಕಲೆ ಅದು.

ಶಾಕುಹಾಚಿಯ ಹೆಸರು ಅದರ ಅಳತೆಯಿಂದ ಬಂದದ್ದು: ಒಂದು ಶಾಕು, ಎಂಟು ಸುನ್, ಅಂದರೆ ಸುಮಾರು 54.5 ಸೆಂಟಿಮೀಟರ್. ಬಿದಿರಿನ ಬೇರಿನ ಭಾಗದಿಂದ ಮಾಡುವ ಈ ಕೊಳಲನ್ನು ನೇರವಾಗಿ ಹಿಡಿದು, ಮೇಲ್ತುದಿಯ ಓರೆ ಅಂಚಿಗೆ ಉಸಿರು ತಾಗಿಸಿ ಊದಬೇಕು. ತಲೆಯನ್ನು ಬಾಗಿಸಿದರೆ ಸ್ವರ ಇಳಿಯುವುದರ ಜೊತೆಗೆ ಮಂಕಾಗಿ ಒಳಸರಿಯುತ್ತದೆ. ಎತ್ತಿದರೆ ಏರಿ ತೆರೆದುಕೊಳ್ಳುತ್ತದೆ. ಬಾಗಿಸುವುದನ್ನು ‘ಮೆರಿ’ ಎಂದೂ ಎತ್ತುವುದನ್ನು ‘ಕರಿ’ ಎಂದೂ ಕರೆಯುತ್ತಾರೆ. ಒಂದೇ ಸ್ವರವನ್ನು ಬೇರೆ ಬೇರೆ ಬಣ್ಣಗಳಲ್ಲಿ ತರುವುದಕ್ಕೆ ಹಲವು ಬೆರಳಿಡುವ ಕ್ರಮಗಳಿವೆ, ಮತ್ತು ಕೃತಿ ಇಲ್ಲಿ ಯಾವುದನ್ನು ಕೇಳುತ್ತದೆ ಎಂಬುದು ನಿಗದಿಯಾಗಿರುತ್ತದೆ. ಎದೋ ಕಾಲದಲ್ಲಿ (1603–1868) ಫುಕೆ ಪಂಥದ ಝೆನ್ ಸಾಧಕರು ಮುಖ ಪೂರ್ತಿ ಮುಚ್ಚುವ ಬುಟ್ಟಿಯಂಥ ಟೋಪಿ ಧರಿಸಿ, ಊದುವುದನ್ನೇ ಧ್ಯಾನವೆಂದು ಬಗೆದು ಭಿಕ್ಷಾಟನೆ ಮಾಡುತ್ತಿದ್ದರು. ಅವರ ಕೃತಿಗಳಲ್ಲಿ ಎಣಿಸಬಹುದಾದ ತಾಳವಿಲ್ಲ. ಒಂದು ಉಸಿರಿನ ಉದ್ದವೇ ಒಂದು ಸಾಲು. ಕುರೊಸಾವಾ ಕಿಂಕೊ (1710–1771) ಅಂಥ ಕೃತಿಗಳನ್ನು ಊರೂರಿನಿಂದ ಸಂಗ್ರಹಿಸದೆ ಇದ್ದಿದ್ದರೆ, 1871ರಲ್ಲಿ ಹೊಸ ಸರ್ಕಾರ ಪಂಥವನ್ನು ರದ್ದುಪಡಿಸಿದಾಗ ಎಷ್ಟು ಉಳಿಯುತ್ತಿತ್ತೋ ಹೇಳುವುದು ಕಷ್ಟ.

‘ನೋ’ ಎಂಬ ಸಾಂಪ್ರದಾಯಿಕ ಮುಖವಾಡದ ನಾಟಕದ ಕೊಳಲಾದ ನೋಕಾನ್‌ನಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಅದರೊಳಗೆ ‘ನೊದೊ’, ಅಂದರೆ ಗಂಟಲು, ಎಂಬ ಸಣ್ಣ ಕೊಳವೆಯನ್ನು ಬೇಕೆಂದೇ ಸೇರಿಸಿ ಮಂದ್ರ ಮತ್ತು ತಾರ ಸ್ಥಾಯಿಗಳು ಪರಸ್ಪರ ಸರಿಹೊಂದದಂತೆ ಮಾಡುತ್ತಾರೆ. ಅದೇ ರಂಗದಲ್ಲಿ ದೊಡ್ಡ ಕೈಡೋಲಿನ ಚರ್ಮವನ್ನು ಪ್ರದರ್ಶನಕ್ಕೆ ಮೊದಲು ಕೆಂಡದ ಬಳಿ ಕಾಯಿಸಿ ಒಣಗಿಸುತ್ತಾರೆ. ಚಿಕ್ಕದರ ಚರ್ಮಕ್ಕೆ ಮಾತ್ರ ತೇವ ಉಳಿಸಿಕೊಳ್ಳುತ್ತಾರೆ.

ಆಸ್ಥಾನ ಸಂಗೀತವಾದ ಗಗಾಕು ಇವೆಲ್ಲಕ್ಕಿಂತ ಹಳೆಯದು, ಮತ್ತು ಅದರ ಚರಿತ್ರೆಯಲ್ಲಿ ಭಾರತದ ಹೆಸರಿದೆ. 736ರಲ್ಲಿ ಬೋಧಿಸೇನನೆಂಬ ಭಾರತೀಯ ಭಿಕ್ಷು ಜಪಾನಿಗೆ ಬಂದಾಗ, ಚಂಪಾ ದೇಶದ (ಇಂದಿನ ವಿಯೆಟ್ನಾಂನ ಭಾಗ) ಭಿಕ್ಷುವೊಬ್ಬ ಜೊತೆಯಲ್ಲಿದ್ದ. ಆ ದೇಶದ ಸಂಗೀತ ಮತ್ತು ನೃತ್ಯ ಅವನ ಮೂಲಕ ಬಂದವೆಂದು ಪರಂಪರೆ ಹೇಳುತ್ತದೆ. 752ರಲ್ಲಿ ನಾರಾದ ತೋದೈಜಿ ದೇವಾಲಯದ ಮಹಾಬುದ್ಧನಿಗೆ ಕಣ್ಣು ಬರೆದವನು ಬೋಧಿಸೇನನೇ, ಮತ್ತು ಆ ಉತ್ಸವದಲ್ಲಿ ಹಲವು ನಾಡುಗಳ ಸಂಗೀತ ಮೊಳಗಿತು. ಅದೇ ದೇವಾಲಯದ ಶೋಸೋಇನ್ ಭಂಡಾರದಲ್ಲಿ ಆ ಕಾಲದ ಐದು ತಂತಿಯ ಬಿವಾ ಒಂದು ಉಳಿದಿದೆ; ಅದರ ಮೇಲೆ ಒಂಟೆಯೇರಿ ಬಿವಾ ನುಡಿಸುವವನ ಚಿತ್ರವಿದೆ. ನಮ್ಮ ಸರಸ್ವತಿ ಜಪಾನಿನಲ್ಲಿ ಬೆನ್‌ಝೈತೆನ್ ಆಗಿ ಕೈಯಲ್ಲಿ ಹಿಡಿದಿರುವುದೂ ಬಿವಾವನ್ನೇ. ಗಗಾಕು ಮೇಳದಲ್ಲಿ ಹದಿನೇಳು ಬಿದಿರು ಕೊಳವೆಗಳ ‘ಶೋ’ ಉಸಿರನ್ನು ಬಿಟ್ಟಾಗಲೂ ಎಳೆದಾಗಲೂ ನುಡಿಯುತ್ತ, ಐದಾರು ಸ್ವರಗಳನ್ನು ಒಟ್ಟಿಗೆ ಹಿಡಿದು ನಿಲ್ಲುತ್ತದೆ. ಒಳಗೆ ಹನಿಗಟ್ಟದಂತೆ ಅದನ್ನು ಆಗಾಗ ಬಿಸಿ ಮಾಡಿಕೊಳ್ಳುತ್ತಾರೆ. ಅದರ ಮೇಲೆ ಹಿಚಿರಿಕಿ ಎಂಬ, ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ, ಪೀಪಿಯಿಟ್ಟು ಊದುವ ವಾದ್ಯ ಸ್ವರದಿಂದ ಸ್ವರಕ್ಕೆ ಜಾರುತ್ತ ಸಾಗುತ್ತದೆ. ಗಮಕಕ್ಕೆ ಒಗ್ಗಿದ ಕಿವಿಗೆ ಗಗಾಕು ಕಠಿಣವೆನಿಸಿದಾಗ ಈ ಜಾರುವಿಕೆಯನ್ನು ಹಿಂಬಾಲಿಸಬೇಕು.

ಮತ್ತೆ ಕೊತೊಗೆ ಬರೋಣ. ಕಿರಿ ಎಂಬ ಹಗುರ ಮರದಿಂದ ಮಾಡಿದ ಇದರ ಉದ್ದ ಸುಮಾರು 180 ಸೆಂಟಿಮೀಟರ್. ಪ್ರತಿ ತಂತಿಗೂ ಸರಿಸಬಹುದಾದ ಪ್ರತ್ಯೇಕ ಕುದುರೆಯಿರುತ್ತದೆ. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಗೆ ನಖಿಗಳನ್ನು ತೊಟ್ಟು ಮೀಟುತ್ತಾರೆ; ಎಡಗೈ ಕುದುರೆಯ ಆಚೆ ತಂತಿಯನ್ನು ಒತ್ತಿ ಸ್ವರವನ್ನು ಏರಿಸುತ್ತದೆ. ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಪಡೆಯುವುದನ್ನು ಇಲ್ಲಿ ಕೆಳಕ್ಕೆ ಒತ್ತಿ ಪಡೆಯಬೇಕು. ಕುಲೀನರ ಮತ್ತು ಭಿಕ್ಷುಗಳ ವಲಯದಲ್ಲಿದ್ದ ಕೊತೊಗೆ ಪಟ್ಟಣದ ಜನರ ಸ್ವರಶ್ರೇಣಿಯನ್ನು ತಂದವನು ಅಂಧ ಸಂಗೀತಗಾರ ಯಾತ್ಸುಹಾಶಿ ಕೆಂಗ್ಯೋ (1614–1685). ‘ಕೆಂಗ್ಯೋ’ ಎಂಬುದು ಅಂಧರ ವೃತ್ತಿಸಂಘದ ಅತ್ಯುನ್ನತ ಪದವಿ. ಅವನದೆಂದು ಹೇಳಲಾಗುವ ‘ರೊಕುದಾನ್’ ಕೃತಿಯಲ್ಲಿ ಆರು ಭಾಗಗಳಿವೆ, ಒಂದೊಂದಕ್ಕೂ 104 ಎಣಿಕೆಗಳು. ನಿಧಾನವಾಗಿ ಆರಂಭವಾಗಿ ಭಾಗದಿಂದ ಭಾಗಕ್ಕೆ ವೇಗ ಪಡೆದು, ಕೊನೆಯಲ್ಲಿ ಮತ್ತೆ ತಗ್ಗುತ್ತದೆ. ಮೊದಲ ಭಾಗದಲ್ಲಿ ಒಂದು ಮೀಟಿಗೂ ಇನ್ನೊಂದು ಮೀಟಿಗೂ ನಡುವೆ ಉಳಿಯುವ ಬಿಡುವಿಗೆ ‘ಮಾ’ ಎನ್ನುತ್ತಾರೆ, ಮತ್ತು ಎಡಗೈಯ ಒತ್ತು ಬರುವುದು ಹೆಚ್ಚಾಗಿ ಆ ಬಿಡುವಿನಲ್ಲೇ.

ನಮ್ಮಲ್ಲಿ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳಿ ಕಲಿಸುವಂತೆ ಅಲ್ಲಿಯೂ ಗುರುಗಳು ವಾದ್ಯದ ನುಡಿಯನ್ನು ಬಾಯಲ್ಲಿ ಹಾಡಿ ಕಲಿಸುತ್ತಾರೆ. ಹೆಬ್ಬೆರಳಿನಿಂದ ಪಕ್ಕಪಕ್ಕದ ಮೂರು ತಂತಿಗಳನ್ನು ಇಳಿಕ್ರಮದಲ್ಲಿ ಮೀಟುವುದು ‘ಕೊರೊರಿನ್’. ರೊಕುದಾನ್ ಕೇಳಲು ಕುಳಿತಾಗ ಈ ಪದವನ್ನು ಮೊದಲು ನಾಲಿಗೆಯ ಮೇಲೆ ತಂದುಕೊಂಡು, ಅದು ಎಲ್ಲೆಲ್ಲಿ ಬರುತ್ತದೆ ಎಂದು ಗುರುತಿಸುತ್ತ ಹೋಗಿ.