ಸ್ಟಾರ್ಟಿಂಗ್ ಪಿಚಿಂಗ್ ಡೆಪ್ತ್: ಆರನೆಯ ಪಿಚರ್‌ನ ಲೆಕ್ಕಾಚಾರ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಂದ್ಯದ ಮೊದಲ ಎಸೆತ ಹಾಕಿ ಸಾಮಾನ್ಯವಾಗಿ ಐದಾರು ಇನಿಂಗ್ಸ್‌ಗಳ ಭಾರ ಹೊರುವವನು ಸ್ಟಾರ್ಟಿಂಗ್ ಪಿಚರ್. ಒಂದೇ ಪಂದ್ಯದಲ್ಲಿ ತೊಂಬತ್ತರ ಆಸುಪಾಸು ಎಸೆತಗಳನ್ನು ಪೂರ್ಣ ಬಲದಿಂದ ಹಾಕಿದ ತೋಳಿಗೆ ನಾಲ್ಕೈದು ದಿನಗಳ ವಿಶ್ರಾಂತಿ ಬೇಕಾಗುವುದರಿಂದ, ತಂಡಗಳು ಐವರು ಸ್ಟಾರ್ಟರ್‌ಗಳನ್ನು ಸರದಿಯ ಮೇಲೆ ಆಡಿಸುತ್ತವೆ. ಈ ಸರದಿಗೆ ರೊಟೇಶನ್ ಎಂದು ಹೆಸರು. ಸರದಿಯ ಐವರ ಆಚೆಗೆ, ಕರೆ ಬಂದ ದಿನವೇ ಬಂದು ಪಂದ್ಯವನ್ನು ಆರಂಭಿಸಬಲ್ಲ ಪಿಚರ್‌ಗಳು ತಂಡದ ಬಳಿ ಎಷ್ಟು ಮಂದಿ ಇದ್ದಾರೆ ಮತ್ತು ಅವರು ಎಂಥವರು ಎಂಬುದನ್ನು ಸೂಚಿಸುವ ಮಾತೇ ಸ್ಟಾರ್ಟಿಂಗ್ ಪಿಚಿಂಗ್ ಡೆಪ್ತ್. ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಮುಗಿದ ಮೇಲೆ, ಫೆಬ್ರುವರಿಯಲ್ಲಿ ತರಬೇತಿ ಶಿಬಿರ ತೆರೆಯುವವರೆಗೂ ಈ ಮಾತು ಬಾರಿಬಾರಿಗೂ ಕಿವಿಗೆ ಬೀಳುತ್ತದೆ.

ಋತುವೊಂದರಲ್ಲಿ ಪ್ರತಿ ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಐವರೂ ಒಂದು ಸರದಿಯನ್ನೂ ತಪ್ಪಿಸದಿದ್ದರೆ ತಲಾ 32 ಅಥವಾ 33 ಪಂದ್ಯಗಳಿಗೆ ಲೆಕ್ಕ ಸರಿಹೋಗುತ್ತದೆ. 2003ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡ ಇಡೀ ಋತುವನ್ನು ಅದೇ ಐವರು ಸ್ಟಾರ್ಟರ್‌ಗಳಿಂದ ಮುಗಿಸಿತ್ತು. ಅದನ್ನು ಇಂದಿಗೂ ಅಚ್ಚರಿಯಿಂದ ನೆನೆಯುತ್ತಾರೆ ಎಂಬುದರಲ್ಲೇ ಅದೆಷ್ಟು ಅಪರೂಪ ಎನ್ನುವುದು ತಿಳಿಯುತ್ತದೆ. ಎಸೆತದ ವೇಗ ವರ್ಷದಿಂದ ವರ್ಷಕ್ಕೆ ಏರುತ್ತಿರುವ ಈ ಕಾಲದಲ್ಲಿ ಭುಜ ಮತ್ತು ಮೊಣಕೈಗಳು ಅಷ್ಟು ಸುಲಭವಾಗಿ ಉಳಿದುಕೊಳ್ಳುವುದಿಲ್ಲ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲು ಮಾಡಿದ, ಮುಂದೆ ಅವನ ಹೆಸರನ್ನೇ ಪಡೆದ ಮೊಣಕೈ ಅಸ್ಥಿರಜ್ಜು (ಲಿಗಮೆಂಟ್) ಶಸ್ತ್ರಚಿಕಿತ್ಸೆಗೆ ಒಳಗಾದವನು ಮರಳಲು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಕ್ರಿಕೆಟ್ಟಿನಲ್ಲಿ ಒಬ್ಬ ವೇಗಿ ಕುಸಿದರೆ ಉಳಿದ ಬೌಲರ್‌ಗಳು ಅವನ ಓವರ್‌ಗಳನ್ನು ಹಂಚಿಕೊಂಡು ದಿನ ದೂಡಬಹುದು. ಆದರೆ ಇಲ್ಲಿ ಉಳಿದ ನಾಲ್ವರು ತಮ್ಮ ವಿಶ್ರಾಂತಿಯ ದಿನಗಳಲ್ಲಿರುವುದರಿಂದ ಆ ಐದನೆಯ ದಿನಕ್ಕೆ ಹೊಸಬನೊಬ್ಬ ಬರಲೇಬೇಕು.

ಹಾಗಿದ್ದರೆ ಎಂಟೊಂಬತ್ತು ಒಳ್ಳೆಯ ಪಿಚರ್‌ಗಳನ್ನು ಕೊಂಡು ಇಟ್ಟುಕೊಂಡರೆ ಸಾಲದೇ ಎಂದು ಕೇಳಬಹುದು. ಈ ಪರಿಕಲ್ಪನೆಯ ಸೂಕ್ಷ್ಮವಿರುವುದು ಅಲ್ಲಿಯೇ. ಋತುವಿನ ಬಹುಪಾಲು ಅವಧಿಗೆ ಮುಖ್ಯ ತಂಡದಲ್ಲಿ 26 ಆಟಗಾರರಿಗೆ ಮಾತ್ರ ಸ್ಥಾನ. ಅವರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ, ಆ ಹದಿಮೂರರಲ್ಲೂ ಎಂಟು ಮಂದಿ ಪಂದ್ಯದ ನಡುವೆ ಬಂದು ಎಸೆಯುವ ರಿಲೀವರ್‌ಗಳಿರುತ್ತಾರೆ. ಆದ್ದರಿಂದ ಆರನೆಯ ಸ್ಟಾರ್ಟರ್ ಕಾಯಬೇಕಾದದ್ದು ಸಾಮಾನ್ಯವಾಗಿ ಕೆಳಹಂತದ ಮೈನರ್ ಲೀಗಿನ ತಂಡದಲ್ಲಿ. ಅವನನ್ನು ಅಲ್ಲಿಗೆ ಕಳುಹಿಸಲು ತಂಡಕ್ಕೆ ಇರುವ ಹಕ್ಕಿಗೆ ಆಪ್ಶನ್ ಎನ್ನುತ್ತಾರೆ. 40 ಜನರ ವಿಸ್ತೃತ ಪಟ್ಟಿಗೆ ಸೇರಿದ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳಲ್ಲಿ, ಪ್ರತಿ ಋತುವಿನಲ್ಲಿ ಗರಿಷ್ಠ ಐದು ಬಾರಿ, ಹೀಗೆ ಕೆಳಗೆ ಕಳುಹಿಸಬಹುದು. ಆಪ್ಶನ್ ತೀರಿದವನನ್ನು ಇಳಿಸಬೇಕಾದರೆ ಮೊದಲು ಉಳಿದೆಲ್ಲ ತಂಡಗಳಿಗೂ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡಬೇಕು. ಮೇಜರ್ ಲೀಗಿನಲ್ಲಿ ಐದು ವರ್ಷಗಳ ಅನುಭವ ಪೂರೈಸಿದವನಾದರೆ ತಾನು ಹೋಗುವುದಿಲ್ಲ ಎನ್ನುವ ಅಧಿಕಾರವೂ ಅವನಿಗಿದೆ. ಹೀಗಾಗಿ ಸಾಧಾರಣ ಪ್ರತಿಭೆಯ, ಆಪ್ಶನ್ ಉಳಿದಿರುವ ಇಪ್ಪತ್ತನಾಲ್ಕರ ಯುವಕನೊಬ್ಬ ಡೆಪ್ತ್‌ನ ಲೆಕ್ಕದಲ್ಲಿ ಅವನಿಗಿಂತ ಚೆನ್ನಾಗಿ ಎಸೆಯುವ ಹಿರಿಯನಿಗಿಂತಲೂ ಹೆಚ್ಚು ಬೆಲೆಬಾಳಬಹುದು.

ಚಳಿಗಾಲದಲ್ಲಿ ತಂಡದ ಆಡಳಿತ ಮಾಡುವ ಕೆಲಸಗಳೆಲ್ಲ ಈ ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ. ದೊಡ್ಡ ಮೊತ್ತ ಸರದಿಯ ತಲೆಯಲ್ಲಿರುವವರಿಗೆ ಹೋಗುತ್ತದೆ. ಗಾಯದಿಂದ ಚೇತರಿಸಿಕೊಳ್ಳುತ್ತಿರುವ ಹಿರಿಯರಿಗೆ ಒಂದು ವರ್ಷದ ಒಪ್ಪಂದ ಸಿಗುತ್ತದೆ. ಇನ್ನು ಕೆಲವರನ್ನು ಮೈನರ್ ಲೀಗ್ ಒಪ್ಪಂದದ ಮೇಲೆ ಶಿಬಿರಕ್ಕೆ ಕರೆಯುತ್ತಾರೆ. ರಿಲೀವರ್ ಆಗಿದ್ದವನನ್ನು ಸ್ಟಾರ್ಟರ್ ಮಾಡುವುದು ಮತ್ತೊಂದು ದಾರಿ. 2023ರ ನವೆಂಬರಿನಲ್ಲಿ ಅಟ್ಲಾಂಟಾ ಬ್ರೇವ್ಸ್ ತಂಡ ರೆನಾಲ್ಡೊ ಲೋಪೆಸ್‌ನನ್ನು ಹೀಗೆಯೇ ಮೂರು ವರ್ಷಕ್ಕೆ ಮೂರು ಕೋಟಿ ಡಾಲರಿಗೆ ತಂದಿತು, ಮರು ತಿಂಗಳು ಬೋಸ್ಟನ್‌ನಿಂದ ಕ್ರಿಸ್ ಸೇಲ್‌ನನ್ನೂ ಪಡೆಯಿತು. ಮುಂದಿನ ಏಪ್ರಿಲಿನಲ್ಲಿ ಅವರ ಮುಂಚೂಣಿಯ ಸ್ಪೆನ್ಸರ್ ಸ್ಟ್ರೈಡರ್ ಎರಡೇ ಪಂದ್ಯಗಳ ನಂತರ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದಾಗ ಈ ಇಬ್ಬರೇ ತಂಡವನ್ನು ಎತ್ತಿಹಿಡಿದರು. ಲೀಗಿನ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ನ್ಯಾಷನಲ್ ಲೀಗ್ ಸೈ ಯಂಗ್ ಪ್ರಶಸ್ತಿಯನ್ನೂ ಸೇಲ್ ಆ ವರ್ಷ ಗೆದ್ದನು.

ಆದರೂ ಡೆಪ್ತ್ ಎಷ್ಟು ಬೇಗ ಕರಗುತ್ತದೆ ಎಂಬುದನ್ನು ತೋರಿಸಲು 2024ರ ಲಾಸ್ ಏಂಜಲೀಸ್ ಡಾಜರ್ಸ್‌ಗಿಂತ ಒಳ್ಳೆಯ ನಿದರ್ಶನ ನನಗೆ ಕಾಣದು. ಆ ಚಳಿಗಾಲದಲ್ಲಿ ಅವರು ಜಪಾನಿನ ಯೊಶಿನೊಬು ಯಮಮೊಟೊಗೆ ಹನ್ನೆರಡು ವರ್ಷಕ್ಕೆ 32.5 ಕೋಟಿ ಡಾಲರ್ ಕೊಟ್ಟರು, ಟೈಲರ್ ಗ್ಲಾಸ್ನೋನನ್ನು ವಿನಿಮಯದಲ್ಲಿ ಪಡೆದರು, ಹಿರಿಯ ಜೇಮ್ಸ್ ಪ್ಯಾಕ್ಸ್‌ಟನ್‌ನನ್ನು ಒಂದು ವರ್ಷಕ್ಕೆ ಸೇರಿಸಿಕೊಂಡರು. ಬ್ಯಾಟಿಂಗನ್ನೂ ಪಿಚಿಂಗನ್ನೂ ಮಾಡುವ ಶೊಹೇ ಒಹ್ತಾನಿ ಬಂದನಾದರೂ ಮೊಣಕೈ ಶಸ್ತ್ರಚಿಕಿತ್ಸೆಯ ಕಾರಣ ಆ ವರ್ಷ ಎಸೆಯುವಂತಿರಲಿಲ್ಲ. ಜೂನ್‌ನಲ್ಲಿ ಯಮಮೊಟೊನ ಭುಜಕ್ಕೆ ಪೆಟ್ಟಾಗಿ ಸೆಪ್ಟೆಂಬರಿನವರೆಗೆ ಹೊರಗುಳಿದನು. ಜುಲೈನಲ್ಲಿ ರಿವರ್ ರಯಾನ್ ಎಂಬ ಯುವಕನಿಗೆ ಜಾಗ ಮಾಡಲು ಪ್ಯಾಕ್ಸ್‌ಟನ್‌ನನ್ನು ಪಟ್ಟಿಯಿಂದ ಕೈಬಿಟ್ಟರು, ಅವನು ಬೋಸ್ಟನ್ ಪಾಲಾದನು; ನಾಲ್ಕು ಪಂದ್ಯಗಳಾಗುವಷ್ಟರಲ್ಲಿ ರಯಾನ್‌ಗೇ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಬೇಕಾಯಿತು. ಆಗಸ್ಟಿನಲ್ಲಿ ಗ್ಲಾಸ್ನೋ ಕೂಡ ಗಾಯಗೊಂಡು ಹೊರಗುಳಿದನು. ತಂಡದಲ್ಲಿ ಅತಿ ಹೆಚ್ಚು, ಅಂದರೆ 25 ಪಂದ್ಯಗಳನ್ನು ಆರಂಭಿಸಿದವನು ಈ ದುಬಾರಿ ಹೆಸರುಗಳಲ್ಲಿ ಯಾರೂ ಅಲ್ಲ, ತಂಡವೇ ಬೆಳೆಸಿದ ಗ್ಯಾವಿನ್ ಸ್ಟೋನ್. ಅವನೂ ಆಗಸ್ಟ್ ಕೊನೆಯ ಹೊತ್ತಿಗೆ ಭುಜ ಹಿಡಿದು ಕುಳಿತನು. ಕೆಳಗಿನ ತಂಡಕ್ಕೂ ಮೇಲಿನ ತಂಡಕ್ಕೂ ಓಡಾಡುತ್ತಲೇ ಇದ್ದ ಲ್ಯಾಂಡನ್ ನ್ಯಾಕ್ ಹನ್ನೆರಡು ಪಂದ್ಯಗಳನ್ನು ಆರಂಭಿಸಿದನು, ವಿನಿಮಯದ ಕೊನೆಯ ಗಡುವಿಗೆ ಜ್ಯಾಕ್ ಫ್ಲಾಹರ್ಟಿಯನ್ನು ಡೆಟ್ರಾಯಿಟ್‌ನಿಂದ ತರಿಸಿದ್ದಾಯಿತು. 98 ಪಂದ್ಯ ಗೆದ್ದ ಈ ತಂಡದ ಬಳಿ ಅಕ್ಟೋಬರಿನಲ್ಲಿ ಉಳಿದಿದ್ದ ನಂಬಿಕಸ್ಥ ಸ್ಟಾರ್ಟರ್‌ಗಳು ಮೂವರೇ. ನಾಲ್ಕನೆಯ ದಿನಕ್ಕೆ ರಿಲೀವರ್‌ಗಳನ್ನೇ ಸಾಲಾಗಿ ಇಳಿಸಿ, ಸ್ಯಾನ್ ಡಿಯೇಗೊ ವಿರುದ್ಧ ಅಂಥ ಒಂದು ಪಂದ್ಯವನ್ನು 8-0ರಿಂದ ಗೆದ್ದು, ಕೊನೆಗೆ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ವರ್ಲ್ಡ್ ಸೀರೀಸ್ ಅನ್ನೂ ಗೆದ್ದರು.

ಜನವರಿಯಲ್ಲಿ ಯಾವುದಾದರೂ ತಂಡ ತನ್ನ ಬಳಿ ಎಂಟು ಸ್ಟಾರ್ಟರ್‌ಗಳಿದ್ದಾರೆ ಎಂದು ಹೇಳಿಕೊಂಡರೆ ಎರಡು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು: ಆ ಎಂಟರಲ್ಲಿ ಏಪ್ರಿಲಿನಲ್ಲೇ ಎಸೆಯಬಲ್ಲವರು ಎಷ್ಟು, ಆಪ್ಶನ್ ಉಳಿದಿರುವವರು ಎಷ್ಟು? ಡಾಜರ್ಸ್ ಅಂತೂ ಗೆಲುವಿನ ಮರುಚಳಿಗಾಲದಲ್ಲೂ ಬ್ಲೇಕ್ ಸ್ನೆಲ್‌ಗೆ ಐದು ವರ್ಷಕ್ಕೆ 18.2 ಕೋಟಿ ಡಾಲರ್ ಕೊಟ್ಟು ಕರೆತಂದರು, ಜಪಾನಿನ ಪಿಚರ್ ರೋಕಿ ಸಸಾಕಿಯನ್ನೂ ಸೇರಿಸಿಕೊಂಡರು. 2025ರಲ್ಲಿ ಸ್ನೆಲ್ ಎರಡು ಪಂದ್ಯಗಳನ್ನು ಆರಂಭಿಸಿ ಆಗಸ್ಟಿನವರೆಗೆ ಗಾಯಾಳುಗಳ ಪಟ್ಟಿಯಲ್ಲಿದ್ದನು. ಸಸಾಕಿ ಮೇ ತಿಂಗಳಲ್ಲಿ ಆ ಪಟ್ಟಿಗೆ ಸೇರಿದನು.