ಇಸವಿಗಿಂತ ಮೊದಲು ಎತ್ತರ ಬರೆದುಕೊಳ್ಳಿ: ಬಾಹ್ಯಾಕಾಶದ ಸೈನಿಕ ಪೈಪೋಟಿ

ಚಿಕ್ಕಬಳ್ಳಾಪುರದ ಗ್ರಂಥಾಲಯದಲ್ಲಿ ಜೊತೆಗೆ ಕೂತು ಓದುವ ಗೆಳೆಯರಿಗಾಗಿ ಈ ಟಿಪ್ಪಣಿ. ಹೋದ ವಾರ ಈ ವಿಷಯ ಬಂದಾಗ ಎಲ್ಲರ ನೋಟ್ಸ್‌ನಲ್ಲೂ ಇಸವಿಗಳ ಸಾಲು ಇತ್ತು. 1957, 1967, 1985, 2007, 2019, 2021. ಆಗ ಒಬ್ಬಳು ಕೇಳಿದಳು: "ಚೀನಾ 2007ರಲ್ಲಿ ಉಪಗ್ರಹ ಒಡೆದಿದ್ದಕ್ಕೆ ಇವತ್ತಿಗೂ ಬೈತಾರೆ. ನಾವೂ 2019ರಲ್ಲಿ ಒಡೆದೆವು, ಅಲ್ವಾ? ನಮಗೆ ಯಾಕೆ ಅಷ್ಟು ಬೈಯಲ್ಲ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮನೆಗೆ ಬಂದು ಮತ್ತೆ ಓದಿದಾಗ ಗೊತ್ತಾಯಿತು, ನಾವು ಎತ್ತರದ ಲೆಕ್ಕವನ್ನೇ ಬರೆದುಕೊಂಡಿರಲಿಲ್ಲ. ಪ್ರತಿ ಇಸವಿಯ ಪಕ್ಕ ಎಷ್ಟು ಕಿಲೋಮೀಟರ್ ಅಂತ ಬರೆದುಬಿಟ್ಟರೆ ಅರ್ಧ ಪಾಠ ತಾನಾಗೇ ಬಿಡಿಸಿಕೊಳ್ಳುತ್ತದೆ.

ಮೊದಲು ವೇಗ. 300 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹ ಸೆಕೆಂಡಿಗೆ ಸುಮಾರು 7.7 ಕಿ.ಮೀ. ಓಡುತ್ತದೆ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಬಸ್ಸಿನಲ್ಲಿ ಹೆಬ್ಬಾಳದ ಟ್ರಾಫಿಕ್ ದಾಟಿ ಹೋಗುವ ಆ ದಾರಿ ಉಪಗ್ರಹಕ್ಕೆ 8 ಸೆಕೆಂಡ್ ಮಾತ್ರ. ಈಗ ಜೇಬಿನಿಂದ 10 ರೂಪಾಯಿ ನಾಣ್ಯ ತೆಗೆದು ಅಂಗೈ ಮೇಲೆ ಇಟ್ಟುಕೊಳ್ಳಿ. ತೂಕ 7.71 ಗ್ರಾಂ. ಎರಡು ಕಕ್ಷೆಗಳ ವಸ್ತುಗಳು ಸೆಕೆಂಡಿಗೆ 10 ಕಿ.ಮೀ. ವೇಗದಲ್ಲಿ ಡಿಕ್ಕಿಯಾಗುವುದು ಅಪರೂಪವೇನಲ್ಲ. ಆ ವೇಗದಲ್ಲಿ ಈ ನಾಣ್ಯದ ಚಲನ ಶಕ್ತಿ ಲೆಕ್ಕ ಹಾಕಿ. ಅರ್ಧ ಗುಣಿಸು 0.00771 ಗುಣಿಸು 10,000ರ ವರ್ಗ. ಬರುವುದು 3,85,500 ಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದು ಗುದ್ದಿದರೆ ಎಷ್ಟು ಶಕ್ತಿಯೋ ಅಷ್ಟೇ. ನಾನು ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಉಪಗ್ರಹ ನಾಶಕ ಕ್ಷಿಪಣಿಯ ತುದಿಯಲ್ಲಿ ಸಿಡಿಮದ್ದು ಯಾಕೆ ಬೇಕಿಲ್ಲ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಗುದ್ದಿದರೆ ಸಾಕು. ಚೂರುಗಳ ಬಗ್ಗೆ ಜಗತ್ತು ಇಷ್ಟು ಯಾಕೆ ಹೆದರುತ್ತದೆ ಅನ್ನುವುದೂ ಇಲ್ಲೇ ಇದೆ.

ಇನ್ನು ಎತ್ತರ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಮೇಲಿದೆ. ಫೋಟೋ ತೆಗೆಯುವ, ಬೇಹುಗಾರಿಕೆ ಮಾಡುವ ಉಪಗ್ರಹಗಳಲ್ಲಿ ಹೆಚ್ಚಿನವು 1,000 ಕಿ.ಮೀ. ಒಳಗೆ ಸುತ್ತುತ್ತವೆ. ಜಿಪಿಎಸ್ ಇರುವುದು 20,200 ಕಿ.ಮೀ. ಎತ್ತರದಲ್ಲಿ. ಜಿಪಿಎಸ್‌ನಂತೆಯೇ ದಾರಿ ತೋರುವ ನಮ್ಮ ನಾವಿಕ್ ಮತ್ತು ನಮ್ಮ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ನೌಕಾಪಡೆಗೆಂದು 2013ರಲ್ಲಿ ಹಾರಿದ ಜಿಸ್ಯಾಟ್-7, ವಾಯುಪಡೆಗೆಂದು 2018ರಲ್ಲಿ ಹಾರಿದ ಜಿಸ್ಯಾಟ್-7ಎ ಕೂಡ ಅಲ್ಲೇ. ಕೆಳಗಿನದನ್ನು ನೆಲದಿಂದ ಹೊಡೆಯುವುದು ಸುಲಭ. ಮೇಲಿನದು ಕಷ್ಟ, ತಲುಪಲು ಗಂಟೆಗಟ್ಟಲೆ ಬೇಕು.

ಈ ಎತ್ತರದ ಪಾಠವನ್ನು ಜಗತ್ತು ಮೊದಲು ಕಲಿತದ್ದು ಬಾಂಬಿನಿಂದ. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, 400 ಕಿ.ಮೀ. ಎತ್ತರದಲ್ಲಿ, 1.4 ಮೆಗಾಟನ್ನಿನ ಅಣುಬಾಂಬು ಸಿಡಿಸಿತು. ಹೆಸರು ಸ್ಟಾರ್‌ಫಿಶ್ ಪ್ರೈಮ್. ಸುಮಾರು 1,450 ಕಿ.ಮೀ. ದೂರದ ಹವಾಯಿಯಲ್ಲಿ ಕೆಲವು ಬೀದಿ ದೀಪಗಳು ಆರಿಹೋದವು. ಬಾಂಬಿನಿಂದ ಹೊರಟ ಎಲೆಕ್ಟ್ರಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿ ತಿಂಗಳುಗಟ್ಟಲೆ ಸುತ್ತಿದವು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1 ಕೆಟ್ಟಿತು. ಮರುದಿನವಷ್ಟೇ ಹಾರಿದ್ದ ಟೆಲ್‌ಸ್ಟಾರ್‌ಗೂ ಏಟು ಬಿತ್ತು. ಟೆಲ್‌ಸ್ಟಾರ್ ಅಮೆರಿಕದ್ದೇ ಉಪಗ್ರಹ. ಈ ಒಂದು ಸಾಲನ್ನು ದಯವಿಟ್ಟು ಅಂಡರ್‌ಲೈನ್ ಮಾಡಿಕೊಳ್ಳಿ. ಮೇಲೆ ಹೊಡೆದ ಏಟಿಗೆ ತಮ್ಮವರು, ಪರರು ಅನ್ನುವ ಭೇದ ಇರಲಿಲ್ಲ.

ಇದಾದ ಮರುವರ್ಷ, 1963ರಲ್ಲಿ, ಅಮೆರಿಕ, ಸೋವಿಯತ್ ಒಕ್ಕೂಟ ಮತ್ತು ಬ್ರಿಟನ್ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿದವು. ಗಾಳಿಯಲ್ಲಿ, ನೀರಿನಡಿಯಲ್ಲಿ, ಬಾಹ್ಯಾಕಾಶದಲ್ಲಿ ಅಣು ಪರೀಕ್ಷೆ ಬೇಡ. ಉಳಿದದ್ದು ನೆಲದೊಳಗೆ ಮಾತ್ರ. ಈಗ ನಮ್ಮ ಜಿಲ್ಲೆ ಕತೆಯೊಳಗೆ ಬರುತ್ತದೆ. ನೆಲದೊಳಗೆ ಯಾರು ಬಾಂಬು ಸಿಡಿಸಿದರು ಅಂತ ತಿಳಿಯಬೇಕಾದರೆ ನೆಲಕ್ಕೇ ಕಿವಿ ಕೊಡಬೇಕು. 1960ರ ದಶಕದ ಮಧ್ಯದಲ್ಲಿ, ಬ್ರಿಟನ್ನಿನ ಸಹಕಾರದೊಂದಿಗೆ, ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಒಂದು ಸಾಲು ಎದ್ದಿತು. ಇಂದು ಅದನ್ನು ನಡೆಸುವುದು ಭಾಭಾ ಅಣು ಸಂಶೋಧನಾ ಕೇಂದ್ರ. ನಾನು ಗೌರಿಬಿದನೂರು ತಾಲ್ಲೂಕಿನವನು. ಅದು ಭೂಕಂಪ ಅಳೆಯುವ ಜಾಗ ಅಂತಷ್ಟೇ ಚಿಕ್ಕಂದಿನಿಂದ ಗೊತ್ತಿತ್ತು.

ಒಂದೇ ಮಾಪಕ ಇಟ್ಟರೆ ಆಗಲ್ವಾ? ಆಗಲ್ಲ. ಲಾರಿ ಹೋದರೂ, ಕಲ್ಲುಕ್ವಾರಿಯಲ್ಲಿ ಮದ್ದು ಹೊಡೆದರೂ ನೆಲ ನಡುಗುತ್ತದೆ. ಅದಕ್ಕೇ ಮಾಪಕಗಳನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಎರಡು ತೋಳುಗಳಲ್ಲಿ, ಕಿಲೋಮೀಟರುಗಳ ಉದ್ದಕ್ಕೆ ಹರಡಿದ್ದಾರೆ. ದೂರದ ಸ್ಫೋಟದ ಅಲೆ ಒಂದೊಂದು ಮಾಪಕಕ್ಕೂ ಸ್ವಲ್ಪ ಹಿಂದೆ ಮುಂದೆ ತಲುಪುತ್ತದೆ. ಆ ವ್ಯತ್ಯಾಸದಿಂದ ದಿಕ್ಕು ಸಿಗುತ್ತದೆ. ಎಲ್ಲ ದಾಖಲೆಗಳನ್ನು ಹೊಂದಿಸಿ ಕೂಡಿಸಿದರೆ ಸ್ಥಳೀಯ ಗದ್ದಲ ಅಡಗಿ ದೂರದ ಸದ್ದು ಎದ್ದು ಕಾಣುತ್ತದೆ. ಗಟ್ಟಿ ಬಂಡೆಯ ನೆಲ ಇದಕ್ಕೆ ಬೇಕು, ನಮ್ಮಲ್ಲಿ ಅದಕ್ಕೆ ಬರವಿಲ್ಲ. ಇದೇ ಹೊತ್ತಿಗೆ ಅಮೆರಿಕ 1963ರ ಅಕ್ಟೋಬರಿನಲ್ಲಿ ವೇಲಾ ಅನ್ನುವ ಉಪಗ್ರಹಗಳನ್ನು 1 ಲಕ್ಷ ಕಿ.ಮೀ.ಗೂ ಮೇಲೆ ಕಳಿಸಿತು. ಒಪ್ಪಂದ ಮುರಿದು ಯಾರಾದರೂ ಮೇಲೆ ಬಾಂಬು ಸಿಡಿಸುತ್ತಾರಾ ಅಂತ ಕಾಯುವುದೇ ಅವುಗಳ ಕೆಲಸ. ಮೇಲೆ ಕಣ್ಣು, ಕೆಳಗೆ ಕಿವಿ. ಒಪ್ಪಂದ ನಿಂತಿರುವುದು ಹೀಗೆ ಕಾಯುವವರಿಂದಲೇ ಅಂತ ನನಗನ್ನಿಸುತ್ತದೆ.

1967ರ ಬಾಹ್ಯಾಕಾಶ ಒಪ್ಪಂದದಲ್ಲಿ ತಪ್ಪು ಮಾಡುವವರು ಜಾಸ್ತಿ. "ಬಾಹ್ಯಾಕಾಶದಲ್ಲಿ ಎಲ್ಲ ಆಯುಧಗಳೂ ನಿಷಿದ್ಧ" ಅನ್ನುವುದು ತಪ್ಪು ಹೇಳಿಕೆ. 4ನೇ ವಿಧಿ ನಿಷೇಧಿಸುವುದು ಅಣ್ವಸ್ತ್ರ ಮತ್ತು ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಕಕ್ಷೆಯಲ್ಲಿ ಇಡುವುದನ್ನು. ಚಂದ್ರನ ಮೇಲೆ ಸೇನಾ ನೆಲೆ, ಆಯುಧ ಪರೀಕ್ಷೆ ಬೇಡ ಅನ್ನುತ್ತದೆ. ಕಕ್ಷೆಯಲ್ಲಿ ಸಾಮಾನ್ಯ ಬಂದೂಕು ಇಡಬಾರದು ಅಂತ ಎಲ್ಲೂ ಹೇಳಿಲ್ಲ. ಸೋವಿಯತ್ ಒಕ್ಕೂಟ 1974ರಲ್ಲಿ ಹಾರಿಸಿದ ಸಲ್ಯೂತ್-3 ನಿಲ್ದಾಣದಲ್ಲಿ ನಿಜವಾಗಿಯೂ ಒಂದು ಫಿರಂಗಿ ಇತ್ತು. 1975ರ ಜನವರಿಯಲ್ಲಿ, ಒಳಗೆ ಯಾರೂ ಇಲ್ಲದಾಗ, ಅದನ್ನು ಹಾರಿಸಿ ನೋಡಿದರು. ಕ್ಷಿಪಣಿಯೊಂದು ಬಾಹ್ಯಾಕಾಶದ ಮೂಲಕ ಹಾದುಹೋಗುವುದಕ್ಕೂ ಈ ಒಪ್ಪಂದದ ಅಡ್ಡಿ ಇಲ್ಲ.

ಈಗ ನಮ್ಮ ಗೆಳತಿಯ ಪ್ರಶ್ನೆಗೆ ಬರೋಣ. ಉಪಗ್ರಹ ಒಡೆದ ಪರೀಕ್ಷೆಗಳನ್ನು ಇಸವಿಯಂತೆ ಬರೆಯದೆ ಕೆಳಗಿನಿಂದ ಮೇಲಕ್ಕೆ ಬರೆಯಿರಿ. ಅಮೆರಿಕ 2008ರಲ್ಲಿ ಕೆಟ್ಟುಹೋದ ತನ್ನ ಉಪಗ್ರಹವನ್ನು ಹಡಗಿನಿಂದ ಹೊಡೆದದ್ದು ಸುಮಾರು 250 ಕಿ.ಮೀ.ನಲ್ಲಿ. ನಮ್ಮ ಮಿಷನ್ ಶಕ್ತಿ, 2019ರ ಮಾರ್ಚ್ 27, ಸುಮಾರು 280 ಕಿ.ಮೀ. ರಷ್ಯಾ 2021ರ ನವೆಂಬರ್ 15ರಂದು ಕಾಸ್ಮೋಸ್-1408 ಒಡೆದದ್ದು ಸುಮಾರು 480 ಕಿ.ಮೀ.ನಲ್ಲಿ. ಅಮೆರಿಕದ ಎಫ್-15 ವಿಮಾನ 1985ರಲ್ಲಿ ಸೋಲ್‌ವಿಂಡ್ ಉಪಗ್ರಹ ಹೊಡೆದದ್ದು 500 ಕಿ.ಮೀ.ಗೂ ಮೇಲೆ. ಚೀನಾ 2007ರ ಜನವರಿ 11ರಂದು ತನ್ನ ಹಳೆಯ ಹವಾಮಾನ ಉಪಗ್ರಹ ಒಡೆದದ್ದು ಸುಮಾರು 860 ಕಿ.ಮೀ.ನಲ್ಲಿ.

300 ಕಿ.ಮೀ. ಸುತ್ತಮುತ್ತ ಇನ್ನೂ ತೆಳುವಾಗಿ ಗಾಳಿ ಇದೆ. ಅದು ಚೂರುಗಳನ್ನು ತಡೆದು ತಡೆದು ಕೆಳಗೆಳೆಯುತ್ತದೆ, ಹೆಚ್ಚಿನವು ವಾರ ತಿಂಗಳುಗಳಲ್ಲಿ ಉರಿದುಹೋಗುತ್ತವೆ. 860ರಲ್ಲಿ ಗಾಳಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚೀನಾದ ಪರೀಕ್ಷೆಯಿಂದ ಪತ್ತೆಹಚ್ಚಬಲ್ಲ ಚೂರುಗಳೇ 3,000ಕ್ಕಿಂತ ಹೆಚ್ಚು ಎದ್ದವು. ಅವುಗಳಲ್ಲಿ ಬಹಳಷ್ಟು ಇಂದಿಗೂ ಸುತ್ತುತ್ತಿವೆ. ರಷ್ಯಾದ ಪರೀಕ್ಷೆಯಿಂದ 1,500ಕ್ಕೂ ಹೆಚ್ಚು. ಅಂದು ನಿಲ್ದಾಣದಲ್ಲಿದ್ದವರು ತಮ್ಮ ನೌಕೆಗಳೊಳಗೆ ಹೋಗಿ ಕೂರಬೇಕಾಯಿತು. ಅವರಲ್ಲಿ ರಷ್ಯನ್ನರೂ ಇದ್ದರು.

ನಮ್ಮದನ್ನೂ ನೇರವಾಗಿ ಬರೆಯಿರಿ, ಹೊಗಳಿಕೆಯಲ್ಲಿ ಮುಗಿಸಬೇಡಿ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಹೊಡೆದದ್ದು ನಮ್ಮದೇ 740 ಕೆ.ಜಿ.ಯ ಉಪಗ್ರಹ ಮೈಕ್ರೋಸ್ಯಾಟ್-ಆರ್. ಅದಕ್ಕೆ ಎರಡು ತಿಂಗಳ ಮೊದಲಷ್ಟೇ ಪಿಎಸ್‌ಎಲ್‌ವಿ-ಸಿ44 ರಾಕೆಟ್ ಅದನ್ನು ಕಕ್ಷೆಗೆ ಬಿಟ್ಟಿತ್ತು. ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಹೊರಟ ಕ್ಷಿಪಣಿ ಸುಮಾರು 3 ನಿಮಿಷದಲ್ಲಿ ಕೆಲಸ ಮುಗಿಸಿತು. ಎತ್ತರ ಕಡಿಮೆ ಆರಿಸಿದ್ದು ಜವಾಬ್ದಾರಿಯ ತೀರ್ಮಾನ. ಆದರೂ ಕೆಲವು ಚೂರುಗಳು ನಿಲ್ದಾಣಕ್ಕಿಂತ ಮೇಲೆ ಚಿಮ್ಮಿದವು, ಕೆಲವು ಒಂದು ವರ್ಷಕ್ಕೂ ಹೆಚ್ಚು ಉಳಿದವು. ಡಿಕ್ಕಿಯಲ್ಲಿ ಮುಂದಕ್ಕೆ ತಳ್ಳಿಸಿಕೊಂಡ ಚೂರಿಗೆ ವೇಗ ಹೆಚ್ಚುತ್ತದೆ, ಅದರ ಕಕ್ಷೆ ಒಂದು ಕಡೆ ಮೇಲಕ್ಕೆ ಉದ್ದವಾಗುತ್ತದೆ. ಪ್ರತಿ ಸುತ್ತಿಗೂ ಅದು ಮತ್ತೆ ಡಿಕ್ಕಿಯಾದ ಎತ್ತರಕ್ಕೆ ಇಳಿದು ಗಾಳಿ ಸವರಿಕೊಂಡು ಹೋಗುವುದರಿಂದ ಕೊನೆಗೆ ಬೀಳುತ್ತದೆ.

ಒಡೆಯದೆ ಕುರುಡಾಗಿಸುವ ದಾರಿಗಳನ್ನು ಬೇಗ ನೋಡಿಬಿಡೋಣ. 20,200 ಕಿ.ಮೀ.ನಿಂದ ಬರುವ ಜಿಪಿಎಸ್ ಸಂಕೇತ ಬಹಳ ಕ್ಷೀಣ. ನೆಲದ ಮೇಲಿನ ಸಣ್ಣ ಜಾಮರ್ ಸಾಕು ಅದನ್ನು ಮುಚ್ಚಲು. 2022ರ ಫೆಬ್ರವರಿ 24ರಂದು, ರಷ್ಯಾ ಯುಕ್ರೇನಿಗೆ ನುಗ್ಗಿದ ದಿನವೇ, ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲದ ಮೇಲೆ ಸೈಬರ್ ದಾಳಿ ಆಯಿತು. ಯುಕ್ರೇನಿನ ಸಾವಿರಾರು ಮೋಡೆಮ್‌ಗಳು ಸತ್ತವು, ಜರ್ಮನಿಯ ಗಾಳಿಯಂತ್ರಗಳ ದೂರ ನಿಯಂತ್ರಣವೂ ಕೈತಪ್ಪಿತು. ಮೇಲಿದ್ದ ಉಪಗ್ರಹಕ್ಕೆ ಏನೂ ಆಗಿರಲಿಲ್ಲ.

ನಾಗರಿಕ, ಸೇನಾ ಎರಡೂ ಕೆಲಸಕ್ಕೆ ಬರುವ ತಂತ್ರಜ್ಞಾನದ ಮೇಲೆ ಪ್ರಶ್ನೆ ಬಂದರೆ ಈ ಉದಾಹರಣೆ ಕೊಡಿ. ಚೀನಾದ ಎಸ್‌ಜೆ-21 ಉಪಗ್ರಹ 2022ರ ಜನವರಿಯಲ್ಲಿ ಸತ್ತುಹೋದ ಬೈದೌ (ಚೀನಾದ್ದೇ ಜಿಪಿಎಸ್‌ನಂಥ ಜಾಲ) ಉಪಗ್ರಹವೊಂದನ್ನು ಹಿಡಿದು ಎಳೆದೊಯ್ದು ಬೇರೆ ಕಕ್ಷೆಗೆ ಬಿಟ್ಟಿತು. ಒಳ್ಳೆಯ ಶುಚಿ ಕೆಲಸ. ಆದರೆ ಸತ್ತದ್ದನ್ನು ಹಿಡಿಯಬಲ್ಲ ಕೈ ಬದುಕಿರುವುದನ್ನೂ ಹಿಡಿಯಬಲ್ಲದು. 2025ರ ಜನವರಿಯಲ್ಲಿ ಸ್ಪೇಡೆಕ್ಸ್ ಪ್ರಯೋಗದ ಮೂಲಕ ನಾವು ಕಲಿತ, ಕಕ್ಷೆಯಲ್ಲೇ ಎರಡು ಉಪಗ್ರಹ ಜೋಡಿಸುವ ವಿದ್ಯೆಗೂ ಈ ಮಾತು ಅನ್ವಯಿಸುತ್ತದೆ. ಹಾಗಾಗಿ ಯಂತ್ರ ನೋಡಿ ಇದು ಆಯುಧ ಅಂತ ಹೇಳಲು ಆಗುವುದಿಲ್ಲ. ಹೊಸ ಒಪ್ಪಂದದ ಮಾತುಕತೆ ಸಿಕ್ಕಿಕೊಳ್ಳುವ ಒಂದು ಮುಖ್ಯ ಜಾಗ ಇದು.

ಅದಕ್ಕೇ ಈಗೀಗ ಯಂತ್ರ ಬಿಟ್ಟು ನಡತೆಯ ಮೇಲೆ ನಿಯಮ ತರುವ ಪ್ರಯತ್ನ ನಡೆದಿದೆ. ಚೂರೆಬ್ಬಿಸುವ ಕ್ಷಿಪಣಿ ಪರೀಕ್ಷೆ ಇನ್ನು ಮಾಡುವುದಿಲ್ಲ ಅಂತ ಅಮೆರಿಕ 2022ರ ಏಪ್ರಿಲ್‌ನಲ್ಲಿ ಹೇಳಿತು. ಆ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇದೇ ಅರ್ಥದ ನಿರ್ಣಯವನ್ನು 155 ಮತಗಳಿಂದ ಒಪ್ಪಿತು. ರಷ್ಯಾ, ಚೀನಾ ವಿರುದ್ಧ ನಿಂತವು. ಭಾರತ ಮತ ಹಾಕಲಿಲ್ಲ, ತಟಸ್ಥವಾಗಿ ಉಳಿಯಿತು. ಕಾನೂನಿನ ಬಲವಿರುವ ಒಪ್ಪಂದ ಬೇಕು ಅನ್ನುವುದು ನಮ್ಮ ದೇಶದ ಹಳೆಯ ನಿಲುವು. ನನ್ನ ಅಭಿಪ್ರಾಯ ಕೇಳಿದರೆ, 280 ಕಿ.ಮೀ. ಆರಿಸಿಕೊಂಡ ದೇಶ ಆ ನಿರ್ಣಯಕ್ಕೆ ಹೌದು ಅನ್ನಬಹುದಿತ್ತು. ನೀವು ಒಪ್ಪದಿದ್ದರೆ ಭಾನುವಾರ ಗ್ರಂಥಾಲಯಕ್ಕೆ ಬನ್ನಿ. ಬರುವಾಗ ನಿಮ್ಮ ಇಸವಿಗಳ ಪಕ್ಕ ಕಿಲೋಮೀಟರ್ ಬರೆದುಕೊಂಡು ಬನ್ನಿ.